ಕತ್ತರಿ ಆಮೇಲೆ ಹಿಡೀರಿ, ಮೊದಲು ಕಾಗದದ ಎಳೆ ನೋಡಿ

ಕಾಗದದ ಬೀಸಣಿಗೆ ಹೂ ಮಾಡೋಕೆ ಗ್ಲೂ ಗನ್ ಯಾಕೆ ಬೇಕು ಅಂತ ನನಗಂತೂ ಇವತ್ತಿಗೂ ಅರ್ಥ ಆಗಿಲ್ಲ. ನಮ್ಮನೆ ಹುಡುಗರು ಗೋಡೆ ಅಲಂಕಾರಕ್ಕೆ ಅಂತ ಕೂತ್ರೆ ಮೊದಲು ಫೋನ್ ಬರುತ್ತೆ, ಆಮೇಲೆ ಗನ್ನು, ಆಮೇಲೆ ಮಿಂಚಿನ ಪುಡಿ, ಎಲ್ಲಾ ಆದ್ಮೇಲೆ ಕಾಗದ. ಆ ಕಾಗದಾನ ಒಂದ್ಸಲ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡೋ ತಾಳ್ಮೆ ಒಬ್ಬರಿಗೂ ಇಲ್ಲ. ಸಿಕ್ಕ ಹಾಗೆ ಕತ್ತರಿಸ್ತಾರೆ, ಸಿಕ್ಕ ಹಾಗೆ ಮಡಚ್ತಾರೆ, ಮಡಿಕೆ ಒಡೆದು ಬಣ್ಣ ಬಿಟ್ಟು ಬಿಳೀ ಗೆರೆ ಕಾಣಿಸಿದ ತಕ್ಷಣ ‘ಪೇಪರ್ ಕ್ವಾಲಿಟಿನೇ ಸರಿ ಇಲ್ಲ’ ಅಂತಾರೆ. ಪೇಪರ್ ಸರಿಯಾಗೇ ಇದೆ ಕಣ್ರಪ್ಪ, ನೀವು ಅದರ ಎಳೆಗೆ ಅಡ್ಡಡ್ಡ ಮಡಚಿದ್ದೀರಿ ಅಷ್ಟೇ.

ಹೌದು, ಬಟ್ಟೆಗಿರೋ ಹಾಗೆ ಕಾಗದಕ್ಕೂ ಎಳೆ ಇರುತ್ತೆ. ಕಾರ್ಖಾನೆಯಲ್ಲಿ ನೀರಲ್ಲಿ ಕದಡಿದ ನಾರನ್ನ ಓಡ್ತಾ ಇರೋ ಜಾಲರಿ ಮೇಲೆ ಬಿಡ್ತಾರೆ, ಜಾಲರಿ ಯಾವ ಕಡೆ ಓಡುತ್ತೋ ನಾರಲ್ಲಿ ಹೆಚ್ಚಿನ ಪಾಲು ಅದೇ ಕಡೆ ತಿರುಗಿ ಮಲಗಿಬಿಡುತ್ತೆ, ಆ ದಿಕ್ಕೇ ಎಳೆ. ಎಳೆ ಉದ್ದಕ್ಕೆ ಮಡಚಿದ್ರೆ ನಾರು ಪಕ್ಕಕ್ಕೆ ಸರಿದು ದಾರಿ ಬಿಡುತ್ತೆ, ಅಡ್ಡ ಮಡಚಿದ್ರೆ ನಾರೇ ಮುರೀಬೇಕು. ತೆಳು ಕಾಗದದಲ್ಲಿ ಇದು ಗೊತ್ತಾಗಲ್ಲ, ಸ್ವಲ್ಪ ದಪ್ಪ ಡ್ರಾಯಿಂಗ್ ಶೀಟ್ ತಗೊಳ್ಳಿ, ಆಗ ನೋಡಿ ಮಜಾ.

ನಮ್ಮ ಕ್ರಾಫ್ಟ್ ಟೀಚರ್ ಇದ್ರು, ಹಾಳೆ ಹಂಚಿದ್ಮೇಲೆ ಕತ್ತರಿ ಕೊಡ್ತಾನೇ ಇರ್ಲಿಲ್ಲ. ಬೆಂಚಿನ ಹಿಂದೆ ಬಂದು ನಿಂತು ಹಾಳೆ ಮೇಲೆ ಬೆರಳಲ್ಲಿ ಟಕ್ ಅಂತ ಬಡಿದು ‘ಯಾವ ಕಡೆ?’ ಅಂತ ಕೇಳೋರು, ಎಳೆ ಸರಿಯಾಗಿ ತೋರಿಸಿದವರಿಗೆ ಮಾತ್ರ ಕತ್ತರಿ, ಉಳಿದವರು ಇನ್ನೊಂದ್ಸಲ ಬಗ್ಗಿಸಿ ನೋಡ್ಬೇಕು. ಆಗ ನಮಗೆಲ್ಲ ಬೈಕೋಬೇಕು ಅನ್ನಿಸ್ತಿತ್ತು, ಈಗ ನಾನೂ ಅದನ್ನೇ ಮಾಡ್ತೀನಿ, ನಮ್ಮನೆ ಹುಡುಗರು ನನ್ನ ಬೈಕೊಳ್ತಾರೆ.

ನೋಡೋ ಕ್ರಮ ಹೇಳ್ತೀನಿ, ಅವಸರ ಮಾಡ್ದೆ ಓದಿ. ಹಾಳೆನ ಮೇಜಿನ ಮೇಲಿಟ್ಟು ಒಂದು ಅಂಚನ್ನ ಎತ್ತಿ ಎದುರು ಅಂಚಿನ ಮೇಲೆ ತನ್ನಿ, ಆದ್ರೆ ಮಡಿಕೆ ಕೂರಿಸಬೇಡಿ, ಸುಮ್ನೆ ಉಬ್ಬಿಕೊಂಡಿರ್ಲಿ. ಆ ಉಬ್ಬಿನ ಮೇಲೆ ಅಂಗೈ ಇಟ್ಟು ಹಗೂರಕ್ಕೆ ಅದುಮಿ ಬಿಡಿ, ಅದುಮಿ ಬಿಡಿ. ಕೈಗೆ ಎಷ್ಟು ಪುಟಿಯುತ್ತೆ ಅಂತ ಗಮನ ಇರ್ಲಿ. ಈಗ ಬಿಚ್ಚಿ, ಹಾಳೆನ ಕಾಲು ಸುತ್ತು ತಿರುಗಿಸಿ ಮತ್ತೆ ಅದೇ ಥರ ಮಾಡಿ. ಒಂದು ಕಡೆ ಕೈಯನ್ನ ಹಿಂದಕ್ಕೆ ತಳ್ಳುತ್ತೆ, ಇನ್ನೊಂದು ಕಡೆ ಮೆತ್ತಗೆ ಬಗ್ಗುತ್ತೆ. ಮೆತ್ತಗೆ ಬಗ್ಗಿದಾಗ ಮಡಿಕೆ ಯಾವ ದಿಕ್ಕಿಗೆ ಬರ್ತಿತ್ತೋ ಅದೇ ಎಳೆ. ಉದ್ದ ಹಾಳೆಯಲ್ಲಿ ಮೋಸ ಹೋಗ್ತೀರಿ, ಯಾಕಂದ್ರೆ ಉದ್ದಕ್ಕೂ ಅಗಲಕ್ಕೂ ಬಗ್ಗೋ ರೀತಿನೇ ಬೇರೆ, ಅದಕ್ಕೆ ಅದೇ ಹಾಳೆಯ ಮೂಲೆಯಿಂದ ಒಂದು ಚೌಕ ತುಂಡು ಕತ್ತರಿಸಿ ಅದರಲ್ಲಿ ನೋಡಿ. ಆಗ್ಲೂ ಅನುಮಾನ ಇದ್ರೆ ಆ ತುಂಡಿನ ಒಂದೇ ಮಗ್ಗುಲಿಗೆ ನೀರು ಸವರಿ, ಅದು ತಾನಾಗೇ ಸುರುಟಿಕೊಳ್ಳುತ್ತೆ, ಕೊಳವೆ ಥರ ಆದಾಗ ಕೊಳವೆಯ ಉದ್ದ ಯಾವ ಕಡೆಗಿದೆಯೋ ಎಳೆ ಆ ಕಡೆ. ನೀರು ಕುಡಿದ ನಾರು ದಪ್ಪಕ್ಕೆ ಊದುತ್ತೆ, ಉದ್ದಕ್ಕೆ ಅಷ್ಟು ಬೆಳೆಯಲ್ಲ, ಅದಕ್ಕೇ ಹಾಗೆ. ಗೊತ್ತಾದ ಮೇಲೆ ಹಾಳೆ ಹಿಂದೆ ಪೆನ್ಸಿಲಲ್ಲಿ ಒಂದು ಬಾಣ ಹಾಕಿಡಿ. ಬಾಣ ಹಾಕ್ದೇ ಹಾಳೆನ ಪಕ್ಕಕ್ಕಿಟ್ಟು ಟೀ ಕುಡಿಯೋಕೆ ಎದ್ದು ಹೋಗ್ಬೇಡಿ, ಬರೋಷ್ಟರಲ್ಲಿ ಮರೆತಿರ್ತೀರಿ.

ಇನ್ನು ಹೂವಿನ ವಿಷಯ. ಉದ್ದ ಪಟ್ಟಿನ ಬೀಸಣಿಗೆ ಥರ ಹಿಂದೆ ಮುಂದೆ ಮಡಚಿ, ಎರಡೂ ತುದಿ ಸೇರಿಸಿ ದುಂಡಗೆ ಬಿಚ್ಚಿದ್ರೆ ಅದೇ ಬೀಸಣಿಗೆ ಹೂ. ಮಡಿಕೆಗಳೆಲ್ಲ ಬಾಣದ ದಿಕ್ಕಿಗೇ ಬರ್ಬೇಕು, ಅಂದ್ರೆ ಪಟ್ಟಿಯ ಅಗಲಕ್ಕೆ ಎಳೆ ಇರ್ಬೇಕು. ಮಾಮೂಲಿ ಎ4 ಹಾಳೆಯಲ್ಲಿ ಸಾಮಾನ್ಯವಾಗಿ ಎಳೆ ಉದ್ದಕ್ಕಿರುತ್ತೆ, ಹಾಗಾಗಿ ಗಿಡ್ಡ ಬದಿಗೆ ಸಮಾನಾಂತರವಾಗಿ ನಾಲ್ಕು ಪಟ್ಟಿ ಕತ್ತರಿಸಿದ್ರೆ ಮೂರು ಪಟ್ಟಿ ಒಂದು ಹೂವಿಗೆ, ಮಿಕ್ಕಿದ್ದು ನಡುವಿನ ಬಿಲ್ಲೆಗೆ. ಪಟ್ಟಿ ಉದ್ದ ಅದರ ಅಗಲದ ಏಳೆಂಟು ಪಟ್ಟಾದ್ರೂ ಇರ್ಲಿ. ಆರು ಪಟ್ಟು ತಗೊಂಡು ಹೂ ಬಿಚ್ಕೊಳ್ತಾ ಇಲ್ಲ, ಕುಲಾವಿ ಥರ ಎದ್ದು ನಿಲ್ಲುತ್ತೆ ಅಂತ ಗೋಳಾಡ್ತಾರೆ, ಹೂವಿನ ಸುತ್ತಳತೆಗೇ ಆರಕ್ಕಿಂತ ಸ್ವಲ್ಪ ಜಾಸ್ತಿ ಬೇಕಲ್ರೀ, ಆಮೇಲೆ ಮಡಿಕೆಗೆ ಎಲ್ಲಿಂದ ತರ್ತೀರಿ? ಪಟ್ಟಿಗಳನ್ನ ಜೋಡಿಸೋವಾಗ ಅಂಟು ಒಳಮಡಿಕೆಯಲ್ಲಿ ಬರೋ ಹಾಗೆ ನೋಡ್ಕೊಳ್ಳಿ, ಜೋಡಣೆ ಕಾಣಿಸಲ್ಲ. ಪ್ರತಿ ಮಡಿಕೆನೂ ಚಮಚದ ಬೆನ್ನಲ್ಲಿ ಒಂದೇ ಎಳೆತಕ್ಕೆ ತೀಡಬೇಕು, ಉಗುರಲ್ಲಿ ತೀಡಿದ್ರೆ ಬಣ್ಣ ಹೊಳೆದು ಕಲೆ ಥರ ಕಾಣುತ್ತೆ. ದಪ್ಪ ಶೀಟಾದ್ರೆ ಇಂಕು ಮುಗಿದ ಬಾಲ್ ಪೆನ್ನಲ್ಲಿ ಸ್ಕೇಲ್ ಇಟ್ಟು ಗೆರೆ ಒತ್ತಿಕೊಂಡು ಆಮೇಲೆ ಮಡಚಿ.

ಕತ್ತರಿ ಅಂದಾಗ ನೆನಪಾಯ್ತು, ಹೊಲಿಗೆ ಡಬ್ಬಿಯಿಂದ ಬಟ್ಟೆ ಕತ್ತರಿ ತಂದು ಕಾಗದ ಕತ್ತರಿಸೋರನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಬಾಯಿ ಮೊಂಡಾಗಿ ಆಮೇಲೆ ಬ್ಲೌಸ್ ಪೀಸ್ ಕತ್ತರಿಸೋವಾಗ ಬಟ್ಟೆನ ಜಗಿಯುತ್ತೆ. ನನ್ನ ಬಟ್ಟೆ ಕತ್ತರಿಯ ಹಿಡಿಗೆ ಕೆಂಪು ದಾರ ಕಟ್ಟಿದ್ದೀನಿ, ಮನೇಲಿ ಯಾರೂ ಮುಟ್ಟಲ್ಲ. ದುಂಡಗೆ ಕತ್ತರಿಸೋವಾಗ ತಿರುಗಬೇಕಾದ್ದು ಕಾಗದ, ಕತ್ತರಿ ಅಲ್ಲ, ಇದನ್ನ ಎಷ್ಟು ಸಲ ಹೇಳಿದ್ದೀನೋ.

ಅಂಟು ಕಡಿಮೆ, ಇನ್ನೂ ಕಡಿಮೆ. ಬಿಳೀ ಅಂಟನ್ನ ಬೆರಳಲ್ಲಿ ತೆಳ್ಳಗೆ ಸವರಿದ್ರೆ ಸಾಕು, ಸುರಿದ್ರೆ ಅದರ ನೀರಿಗೇ ಕಾಗದ ಸುಕ್ಕಾಗುತ್ತೆ. ಬಿಲ್ಲೆಗೆ ಅಂಟು ಹಚ್ಚಿ, ಹೂವನ್ನ ನಡುವಿಗೆ ಒತ್ತಿ ಹಿಡಿದು ಅದರ ಮೇಲೆ ಕೂರಿಸಿ, ಬಟ್ಟಲಲ್ಲಿ ನೀರು ತುಂಬಿ ನಡುವೆ ಭಾರ ಇಟ್ಟು ಬೇರೆ ಕೆಲಸ ನೋಡ್ಕೊಳ್ಳಿ. ಅರ್ಧ ಒಣಗಿದಾಗ ಎತ್ತೆತ್ತಿ ನೋಡೋ ಚಾಳಿ ಬಿಡಿ.

ಕ್ರೇಪ್ ಪೇಪರಲ್ಲಿ ದಳ ಮಾಡೋದಾದ್ರೆ ಸುಕ್ಕಿನ ಗೆರೆ ದಳದ ಬುಡದಿಂದ ತುದಿಗೆ ಹೋಗ್ಬೇಕು, ಆಗ ಮಾತ್ರ ಎರಡೂ ಹೆಬ್ಬೆರಳಿಟ್ಟು ನಡುವೆ ಹಿಗ್ಗಿಸಿದ್ರೆ ಗುಳಿ ಬೀಳುತ್ತೆ. ಹಿಮದ ಹರಳು ಕತ್ತರಿಸೋರು ಚೌಕವನ್ನ ಕರ್ಣಕ್ಕೆ ಮಡಚಿ ತ್ರಿಕೋನ ಮಾಡಿ, ಮತ್ತೆ ಅರ್ಧ ಮಾಡಿ, ಆಮೇಲೆ ಮೂರು ಪಾಲು ಮಾಡ್ಬೇಕು, ಆಗ ಆರು ಕವಲು ಬರುತ್ತೆ. ಸುಮ್ನೆ ಅರ್ಧಕ್ಕರ್ಧ ಮಡಚ್ತಾ ಹೋದ್ರೆ ಎಂಟು ಕವಲು, ಅಂಥ ಹಿಮ ಎಲ್ಲೂ ಬೀಳಲ್ಲ.

ಮಾಡಿದ್ದನ್ನ ಬಿಸಿಲು ಬೀಳೋ ಕಿಟಕಿ ಹತ್ರ ಅಂಟಿಸಬೇಡಿ, ಬಣ್ಣ ಹೋಗುತ್ತೆ, ಮೊದಲು ಹೋಗೋದು ಗುಲಾಬಿ. ಗೋಡೆಗೆ ಸೆಲ್ಲೋಟೇಪ್ ಅಂತೂ ಬೇಡವೇ ಬೇಡ, ತೆಗೆಯೋವಾಗ ಪೇಂಟೂ ಬರುತ್ತೆ, ಹೂವೂ ಹರಿಯುತ್ತೆ. ಬಿಲ್ಲೆ ಹಿಂದೆ ದಾರ ಅಂಟಿಸಿ ತೂಗುಹಾಕಿ, ಕೆಲಸ ಆದ್ಮೇಲೆ ಮತ್ತೆ ಬೀಸಣಿಗೆ ಥರ ಮಡಚೋಕೆ ಹೋಗದೆ ಹಾಗೇ ಒಂದರ ಮೇಲೊಂದು ಚಪ್ಪಲಿ ಡಬ್ಬಿಯಲ್ಲಿಟ್ರೆ ಮುಂದಿನ ಸಲಕ್ಕೂ ಆಗುತ್ತೆ.