ಊರಿನ ಜಮೀನಿಗೆ ಬಣ್ಣ ಬೀಳುವ ಮೊದಲು: ಮಾಸ್ಟರ್ ಪ್ಲಾನ್ ನೋಡುವುದು, ಆಕ್ಷೇಪಣೆ ಹಾಕುವುದು ಹೇಗೆ

ನಿಮ್ಮ ಊರು ಯಾವುದಾದರೂ ಪಟ್ಟಣದ ಅಂಚಿನಲ್ಲಿದ್ದರೆ ಒಂದು ವಿಷಯ ಇವತ್ತೇ ತಿಳಿದುಕೊಳ್ಳಿ. ಊರು ಸ್ಥಳೀಯ ಯೋಜನಾ ಪ್ರದೇಶದ, ಅಂದರೆ ಪಟ್ಟಣದ ಬೆಳವಣಿಗೆಗೆ ಯೋಜನೆ ಮಾಡಲು ಸರ್ಕಾರ ಗುರುತಿಸಿದ ಜಾಗದ ಒಳಗಿದೆಯಾ, ಹೊರಗಿದೆಯಾ? ಒಳಗಿದ್ದರೆ ನಿಮ್ಮ ಹೊಲ, ಗೋಮಾಳ, ಕೆರೆ ಅಂಗಳ ಎಲ್ಲಕ್ಕೂ ಒಂದು ನಕ್ಷೆಯಲ್ಲಿ ಬಣ್ಣ ಹಾಕಿರುತ್ತಾರೆ, ಇಲ್ಲವೇ ಮುಂದೆ ಹಾಕುತ್ತಾರೆ. ಅದೇ ಮಹಾಯೋಜನೆ, ಜನರ ಬಾಯಲ್ಲಿ ಮಾಸ್ಟರ್ ಪ್ಲಾನ್. ಜೆಸಿಬಿ ಬಂದು ನಿಂತ ಮೇಲೆ ಕಚೇರಿಗೆ ಓಡುವವರೇ ಜಾಸ್ತಿ. ಆದರೆ ತೀರ್ಮಾನ ಅದಕ್ಕಿಂತ ಎಷ್ಟೋ ಮೊದಲೇ ಕಾಗದದ ಮೇಲೆ ಆಗಿರುತ್ತದೆ. ಮಾತಾಡಬೇಕಾದದ್ದು ಆಗ.

ಮೊದಲು ನಿಮ್ಮದೇ ದಾಖಲೆ ಕೂಡಿಸಿಕೊಳ್ಳಿ. ಕಂದಾಯ ಇಲಾಖೆಯ ಭೂದಾಖಲೆ ವೆಬ್‌ಸೈಟಿನಲ್ಲಿ ಗ್ರಾಮ ನಕ್ಷೆ ಸಿಗುತ್ತದೆ. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಹಳೆಯ ನಕ್ಷೆಯಲ್ಲಿ ಹಳ್ಳ, ಬಂಡಿದಾರಿ, ಕಾಲುದಾರಿ, ಕೆರೆ ಎಲ್ಲ ಗುರುತಿರುತ್ತವೆ, ಈಗ ನೆಲದ ಮೇಲೆ ಅವು ಕಾಣದೇ ಇದ್ದರೂ ಸರಿ. ಆಮೇಲೆ ಊರಿನ ಹಿರಿಯರನ್ನು ಕರೆದುಕೊಂಡು ಒಂದು ಸುತ್ತು ನಡೆಯಿರಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದು ಅಂದಾಜಿಗೆ ಮಾತ್ರ, ಗಡಿ ಜಗಳಕ್ಕೆ ಅದನ್ನೇ ಸಾಕ್ಷಿ ಮಾಡಬೇಡಿ. ಗಡಿ ಖಚಿತ ಆಗಬೇಕಾದರೆ ಸರ್ವೆಯವರೇ ಬಂದು ಅಳತೆ ಮಾಡಬೇಕು.

ಸಿಕ್ಕ ಸರ್ವೆ ನಂಬರುಗಳ ಪಹಣಿ ತೆಗೆಸಿ. ನಾಡಕಚೇರಿಯಲ್ಲೂ ಕೊಡುತ್ತಾರೆ. ಎಲ್ಲರೂ ಮೊದಲು ನೋಡುವುದು 9ನೇ ಕಾಲಂ, ಹೆಸರು ಯಾರದು ಅಂತ. ನಮ್ಮ ಕೆಲಸಕ್ಕೆ 3ನೇ ಕಾಲಂ ಅಷ್ಟೇ ಮುಖ್ಯ. ಅಲ್ಲಿ ಖರಾಬು, ಅಂದರೆ ಸಾಗುವಳಿ ಲೆಕ್ಕಕ್ಕೆ ಸೇರದ ಜಾಗ, ಎರಡು ಭಾಗವಾಗಿ ಬರೆದಿರುತ್ತದೆ, ಅ ಮತ್ತು ಬ. ಕಲ್ಲುಬಂಡೆ ಇದ್ದು ಉಳುಮೆಗೆ ಬಾರದ್ದು, ಕಣ ಇಂಥವು ಅ ಖರಾಬು. ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಜಾಗ ಬ ಖರಾಬು. ಒಬ್ಬರ ಹೆಸರಿನ ಪಹಣಿಯಲ್ಲೇ ನಾಲ್ಕು ಗುಂಟೆ ಬ ಖರಾಬು ಅಡಗಿರಬಹುದು, ಊರಿನ ನೀರು ಹರಿಯುವ ಹಳ್ಳ ಅದೇ ಇರಬಹುದು. ಲೇಔಟ್ ಆಗುವಾಗ ಮೊದಲು ಮಾಯವಾಗುವುದೂ ಇದೇ ಜಾಗ. ದಯವಿಟ್ಟು ಇದೊಂದನ್ನು ಬಿಡದೆ ಪಟ್ಟಿ ಮಾಡಿ.

ಗೋಮಾಳ ಇದ್ದರೆ ಅದನ್ನೂ ಸೇರಿಸಿ. ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿಗೆ ಬಿಡಬೇಕು ಅಂತ ಕರ್ನಾಟಕ ಭೂಕಂದಾಯ ನಿಯಮ 97 ಹೇಳುತ್ತದೆ. ಪಶು ಆಸ್ಪತ್ರೆಯಲ್ಲಿ ಊರಿನ ಜಾನುವಾರು ಲೆಕ್ಕ ಕೇಳಿ ಇಟ್ಟುಕೊಂಡರೆ ವಾದಕ್ಕೆ ಬಲ ಬರುತ್ತದೆ.

ಈಗ ಮಹಾಯೋಜನೆಗೆ ಬನ್ನಿ. ಇದನ್ನು ಮಾಡುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕೆಳಗೆ. ದೊಡ್ಡ ಊರುಗಳಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ, ಚಿಕ್ಕ ಊರುಗಳಲ್ಲಿ ಯೋಜನಾ ಪ್ರಾಧಿಕಾರ ಈ ಕೆಲಸ ನೋಡಿಕೊಳ್ಳುತ್ತದೆ. ನಕ್ಷೆಯಲ್ಲಿ ಸಾಮಾನ್ಯವಾಗಿ ಹಳದಿ ವಸತಿಗೆ, ನೀಲಿ ವಾಣಿಜ್ಯಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಶಾಲೆ ಆಸ್ಪತ್ರೆಯಂಥ ಸಾರ್ವಜನಿಕ ಉಪಯೋಗಕ್ಕೆ, ಹಸಿರು ಉದ್ಯಾನಕ್ಕೆ. ಮೂಲೆಯಲ್ಲಿರುವ ಸೂಚಿ ನೋಡಿಯೇ ಓದಿ. ನಿಮ್ಮ ಗ್ರಾಮ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸರ್ವೆ ನಂಬರ್ ತಾಳೆ ನೋಡಬೇಕು. ಹಳ್ಳದ ಮೇಲೆ ಹಳದಿ ಬಿದ್ದಿದೆಯಾ? ಸ್ಮಶಾನ ಗುರುತೇ ಆಗಿಲ್ವಾ? ಗುಂಡುತೋಪಿನ ಮಧ್ಯೆ ರಸ್ತೆ ಎಳೆದಿದ್ದಾರಾ?

ನಕ್ಷೆಯ ಜೊತೆಗೆ ಬರುವ ವಲಯ ನಿಯಮಾವಳಿಯನ್ನೂ ಕೇಳಿ ಪಡೆಯಿರಿ. ಕೆರೆ, ರಾಜಕಾಲುವೆ (ಮಳೆನೀರು ಹರಿಯುವ ಕಾಲುವೆ) ಇವುಗಳಿಂದ ಎಷ್ಟು ದೂರ ಕಟ್ಟಡ ಕಟ್ಟಬಾರದು ಅಂತ ಅದರಲ್ಲಿರುತ್ತದೆ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಅಂತಿತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಹೆಚ್ಚಿಸಿತು, ಸುಪ್ರೀಂ ಕೋರ್ಟ್ 2019ರಲ್ಲಿ ಆ ಹೆಚ್ಚಳ ರದ್ದು ಮಾಡಿತು. ಹಾಗಾಗಿ ಎಲ್ಲೋ ಕೇಳಿದ ಅಂಕಿ ಬರೆಯಬೇಡಿ. ನಿಮ್ಮ ಊರಿಗೆ ಈಗ ಯಾವ ನಿಯಮ ಜಾರಿಯಲ್ಲಿದೆಯೋ ಅದನ್ನೇ ಬರೆಯಿರಿ.

ಮಹಾಯೋಜನೆಯ ಕರಡು ಪ್ರಕಟವಾದ ಮೇಲೆ ಜನರ ಅಭಿಪ್ರಾಯಕ್ಕೆ 60 ದಿನ ಸಿಗುತ್ತದೆ. ಇದು ಕಾಯ್ದೆಯ 13ನೇ ಕಲಂ. ಹತ್ತು ವರ್ಷಕ್ಕೊಮ್ಮೆಯಾದರೂ ಯೋಜನೆ ಪರಿಷ್ಕರಣೆ ಆಗಬೇಕು, ಅಂದರೆ ಈ 60 ದಿನ ತಪ್ಪಿದರೆ ಮುಂದಿನ ಅವಕಾಶ ಬಹಳ ದೂರ. ಮಧ್ಯದಲ್ಲಿ ಯಾರಾದರೂ ಕೃಷಿ ವಲಯದ ಜಮೀನನ್ನು ಬೇರೆ ಉಪಯೋಗಕ್ಕೆ ಬದಲಾಯಿಸಲು ಕೇಳಿದರೆ 14-ಎ ಕಲಂ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಈ ಪ್ರಕಟಣೆಗಳು ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತವೆ, ಊರಿನಲ್ಲಿ ಒಬ್ಬರಿಗೆ ದಿನಾ ನೋಡುವ ಜವಾಬ್ದಾರಿ ಕೊಡಿ. ಭೂಕಂದಾಯ ಕಾಯ್ದೆಯ 95ನೇ ಕಲಂ ಕೆಳಗೆ ಆಗುವ ಡಿಸಿ ಕನ್ವರ್ಷನ್, ಅಂದರೆ ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ಪರಿವರ್ತಿಸುವುದು, ಇದಲ್ಲ, ಅದು ಬೇರೆ. ನಕ್ಷೆಯಲ್ಲಿ ಹಳದಿ ಬಿದ್ದ ಜಮೀನಿಗೆ ಆ ಪರಿವರ್ತನೆ ಸಲೀಸಾಗುತ್ತದೆ, ಅದಕ್ಕೇ ಬಣ್ಣದ ಹಂತದಲ್ಲೇ ತಡೆಯಬೇಕು.

ಆಕ್ಷೇಪಣೆ ಒಂದು ಪುಟ ಸಾಕು. ‘ನಮ್ಮ ಊರು ಹಾಳಾಗುತ್ತದೆ’ ಅಂತಷ್ಟೇ ಬರೆದರೆ ಕಡತದಲ್ಲಿ ಸುಮ್ನೆ ಕೂರುತ್ತದೆ. ಸರ್ವೆ ನಂಬರ್, ಗ್ರಾಮ ನಕ್ಷೆಯಲ್ಲಿ ಏನಿದೆ, ಕರಡಿನಲ್ಲಿ ಏನು ತೋರಿಸಿದ್ದಾರೆ, ಏನಾಗಬೇಕು, ಈ ನಾಲ್ಕು ಸ್ಪಷ್ಟವಾಗಿರಲಿ. ಪಹಣಿ, ನಕ್ಷೆ, ಫೋಟೋ ಲಗತ್ತಿಸಿ. ಬೇರೆ ಬೇರೆ ಸಮಸ್ಯೆಗೆ ಬೇರೆ ಬೇರೆ ಅರ್ಜಿ ಕೊಡಿ. ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿಕೊಂಡ ಪ್ರತಿ ನಿಮ್ಮ ಕೈಯಲ್ಲಿರಬೇಕು. ಗ್ರಾಮಸಭೆಯಲ್ಲೂ ವಿಷಯ ಎತ್ತಿ, ನಡಾವಳಿಯಲ್ಲಿ ನಿರ್ಣಯ ಬರೆಸಿ ಅದರ ನಕಲನ್ನು ಜೊತೆಗಿಡಿ. ದನ ಮೇಯಿಸುವವರು, ನೀರು ತರುವ ಹೆಂಗಸರು ಆ ಸಭೆಯಲ್ಲಿ ಇರಲೇಬೇಕು, ಯಾವ ದಾರಿ ಮುಚ್ಚಿದೆ ಅಂತ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ದಾಖಲೆ ಕೊಡದೆ ಸತಾಯಿಸಿದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. 60 ದಿನದ ಗಡುವಿನಲ್ಲಿ ಅರ್ಧ ಇದಕ್ಕೇ ಹೋಗುತ್ತದೆ, ಆದ್ದರಿಂದ ಕರಡು ಬರುವ ಮೊದಲೇ ಹಾಕಿಡಿ.

ಅಂತಿಮ ನಕ್ಷೆ ಬಂದ ದಿನ ನೀವು ಆಕ್ಷೇಪಿಸಿದ ಸರ್ವೆ ನಂಬರುಗಳನ್ನೇ ಮೊದಲು ನೋಡಿ. ಸರಿಯಾಗಿಲ್ಲ ಅಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಹೋಗುವಾಗ ಸೀಲು ಬಿದ್ದ ಆ ಪ್ರತಿ ತೆಗೆದುಕೊಂಡು ಹೋಗಿ.