ಪಿಂಚಣಿ, ಗೃಹಲಕ್ಷ್ಮಿ, ಯುವನಿಧಿ: ನಿಯಮ ಬದಲಾದಾಗ ಮನೆಗೆ ಬರುವ ದುಡ್ಡು ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ

ಬೆಂಗಳೂರಿನಲ್ಲಿ ಎಷ್ಟೋ ಮನೆಗಳಿಗೆ ಸರ್ಕಾರದ ದುಡ್ಡು ಎರಡು ಮೂರು ದಾರಿಯಿಂದ ಬರುತ್ತದೆ. ಅಜ್ಜಿಗೆ ಸಂಧ್ಯಾ ಸುರಕ್ಷಾ, ಅಮ್ಮನಿಗೆ ಗೃಹಲಕ್ಷ್ಮಿ, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಮಗನಿಗೆ ಯುವನಿಧಿ. ಮೂರಕ್ಕೂ ಬೇರೆ ಬೇರೆ ಇಲಾಖೆ, ಬೇರೆ ಬೇರೆ ಆಫೀಸು. ಆದರೆ ಕಾಗದ ಮಾತ್ರ ಹೆಚ್ಚುಕಡಿಮೆ ಅವೇ: ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಲಿಂಕ್. ಹಾಗಾಗಿ ಯಾವುದೋ ಒಂದು ನಿಯಮ ಬದಲಾಯಿತು ಅಂತ ಸುದ್ದಿ ಬಂದರೆ ಬರೀ ಆ ಒಬ್ಬರ ಅರ್ಜಿ ನೋಡಬೇಡಿ, ಇಡೀ ಮನೆಯವರದು ಒಟ್ಟಿಗೆ ನೋಡಿ.

ದುಡ್ಡು ನಿಂತಿದೆ ಅಂತ ಗೊತ್ತಾದ ಕೂಡಲೇ ನಾಡಕಚೇರಿಗೆ ಓಡಬೇಡಿ. ಮೊದಲು ನಿಜವಾಗಿ ನಿಂತಿದೆಯಾ ಅಂತ ನೋಡಿ. ಫೋನಿನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಂಡು ಫಲಾನುಭವಿಯ ಆಧಾರ್ ನಂಬರ್, ಓಟಿಪಿ ಕೊಟ್ಟರೆ ಯಾವ ಯೋಜನೆಯ ದುಡ್ಡು ಯಾವ ತಾರೀಕು ಯಾವ ಬ್ಯಾಂಕಿಗೆ ಹೋಗಿದೆ ಅಂತ ಕಾಣುತ್ತದೆ. ಇಲ್ಲಿ ಬಹಳ ಜನ ಬೆಚ್ಚಿ ಬೀಳುತ್ತಾರೆ, ಯಾಕೆಂದರೆ ದುಡ್ಡು ಹೋಗಿರುತ್ತದೆ, ಬೇರೆ ಖಾತೆಗೆ. ಮಗಳು ಅಮ್ಮನಿಗೆ ಅಂತ ಹೊಸ ಬ್ಯಾಂಕಿನಲ್ಲಿ ಅಕೌಂಟ್ ಮಾಡಿಸಿರುತ್ತಾಳೆ, ಅಲ್ಲಿ ಆಧಾರ್ ಜೋಡಿಸುವಾಗ ಒಂದು ಟಿಕ್ ಬಿದ್ದಿರುತ್ತದೆ, ಅಷ್ಟೇ. ಎನ್‌ಪಿಸಿಐ ಮ್ಯಾಪಿಂಗ್ ಅಂದರೆ ಸರ್ಕಾರದ ದುಡ್ಡು ಯಾವ ಖಾತೆಗೆ ಹೋಗಬೇಕು ಅಂತ ಆಧಾರ್‌ಗೆ ಗುರುತು ಮಾಡುವುದು; ಒಂದು ಆಧಾರ್‌ಗೆ ಒಂದೇ ಖಾತೆ, ಕೊನೆಗೆ ಯಾವುದನ್ನು ಮ್ಯಾಪ್ ಮಾಡಿದ್ದೀರೋ ಅದಕ್ಕೇ ಹೋಗುತ್ತದೆ. ಹಳೆಯ ಪಾಸ್‌ಬುಕ್ ಎಂಟ್ರಿ ಮಾಡಿಸಿ ಮಾಡಿಸಿ ಸುಸ್ತಾದರೆ ಏನು ಬಂತು? ಹಳೆಯ ಖಾತೆಗೇ ಬರಬೇಕಾದರೆ ಆ ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ ಅಂತ ಬರೆದುಕೊಡಿ. ಸುಮ್ನೆ ಆಧಾರ್ ಲಿಂಕ್ ಅಂದರೆ ಕೆವೈಸಿ ಮಾಡಿ ಕಳಿಸುತ್ತಾರೆ, ಅದು ಬೇರೆ.

ಇನ್ನು ರೇಷನ್ ಕಾರ್ಡ್. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳನ್ನು ರದ್ದು ಮಾಡಿದಾಗ ರೇಷನ್ ಅಂಗಡಿಗಳ ಮುಂದೆ ಗಲಾಟೆಯಾಗಿ, ಆಮೇಲೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಬೇಕಾಯಿತು. ಆ ಭಯ ಇನ್ನೂ ಹೋಗಿಲ್ಲ. ಬಿಪಿಎಲ್‌ಗೆ ಮನೆಯ ವರ್ಷದ ಆದಾಯ 1.2 ಲಕ್ಷ ರೂಪಾಯಿ ಒಳಗಿರಬೇಕು, ಸ್ವಂತ ಓಡಾಟಕ್ಕೆ ಕಾರು ಇರಬಾರದು, ಮನೆಯಲ್ಲಿ ಯಾರೂ ಆದಾಯ ತೆರಿಗೆ, ವೃತ್ತಿ ತೆರಿಗೆ ಕಟ್ಟುತ್ತಿರಬಾರದು. ಈ ವೃತ್ತಿ ತೆರಿಗೆಯನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮಗನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಮಾನ್ಯತಾ ಟೆಕ್ ಪಾರ್ಕ್‌ನಲ್ಲೋ 25 ಸಾವಿರದ ಕೆಲಸ ಸಿಕ್ಕಿತು ಅಂದರೆ ಪೇ ಸ್ಲಿಪ್‌ನಲ್ಲಿ ತಿಂಗಳಿಗೆ 200 ರೂಪಾಯಿ ಕಟ್ ಆಗಲು ಶುರುವಾಗುತ್ತದೆ. ಅದೇ ಮನೆಯ ಬಿಪಿಎಲ್ ಕಾರ್ಡಿಗೆ ಕುತ್ತು. ಈ ಊರಿನಲ್ಲಿ ಬಾಡಿಗೆ ಕಟ್ಟಿದ ಮೇಲೆ 25 ಸಾವಿರದಲ್ಲಿ ಏನು ಉಳಿಯುತ್ತದೆ ಅಂತ ನಿಯಮ ಮಾಡಿದವರು ಕೇಳಲಿಲ್ಲ, ಅದು ಬೇರೆ ಮಾತು.

ಕಾರ್ಡ್ ಎಪಿಎಲ್ ಆದರೆ ಎಲ್ಲವೂ ಹೋಗುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿಗೆ ಬಿಪಿಎಲ್ಲೇ ಆಗಬೇಕು ಅಂತಿಲ್ಲ. ಕಾರ್ಡಿನಲ್ಲಿ ಮನೆ ಯಜಮಾನಿ ಅಂತ ಹೆಸರಿದ್ದು, ಅವರಾಗಲಿ ಅವರ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರು, ಜಿಎಸ್‌ಟಿ ರಿಟರ್ನ್ಸ್ ಹಾಕುವವರು ಆಗಿರಬಾರದು, ಅಷ್ಟೇ. ಪಿಂಚಣಿ ಬರುವ ಅಜ್ಜಿಯೇ ಯಜಮಾನಿಯಾಗಿದ್ದರೂ ಗೃಹಲಕ್ಷ್ಮಿ ಸಿಗುತ್ತದೆ, ಆದರೆ ಅತ್ತೆ ಸೊಸೆ ಇಬ್ಬರೂ ಇರುವ ಕಾರ್ಡಿನಲ್ಲಿ ಒಬ್ಬರಿಗೇ. ಹೋಗುವುದು ಅಕ್ಕಿ, ಜೊತೆಗೆ ಆಸ್ಪತ್ರೆ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದ್ದರೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಮನೆಯಲ್ಲಿ ಡಯಾಲಿಸಿಸ್, ಹೃದಯದ ಕಾಯಿಲೆ ಅಂತ ಯಾರಾದರೂ ಇದ್ದರೆ ಅಕ್ಕಿಗಿಂತ ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಿ. ಮಗ ನಿಜವಾಗಿ ಬೇರೆ ಕಡೆ ಪಿಜಿಯಲ್ಲೋ ಬಾಡಿಗೆಗೋ ಇದ್ದರೆ ಕಾರ್ಡಿನಿಂದ ಹೆಸರು ತೆಗೆಸಬಹುದು. ಪಕ್ಕದ ರೂಮಿನಲ್ಲೇ ಮಲಗುವವನ ಹೆಸರು ತೆಗೆಸಿದರೆ ನಾಳೆ ಪರಿಶೀಲನೆಗೆ ಬಂದಾಗ ಉತ್ತರ ಕೊಡುವವರು ನೀವೇ.

ಗೃಹಲಕ್ಷ್ಮಿಯಲ್ಲಿ ಇನ್ನೊಂದು ತೊಡಕು. ಗಂಡ ಅಂಗಡಿ ಮುಚ್ಚಿರುತ್ತಾರೆ, ಜಿಎಸ್‌ಟಿ ನಂಬರ್ ಮುಚ್ಚಿರುವುದಿಲ್ಲ. ಮೊದಲು ಅದನ್ನು ರದ್ದು ಮಾಡಿಸಿ, ಆ ಆದೇಶದ ಪ್ರತಿ ಹಿಡಿದುಕೊಂಡು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ. ಕಚೇರಿ ಎಲ್ಲಿದೆ ಅಂತ ನಿಮ್ಮ ಬೀದಿಯ ಅಂಗನವಾಡಿ ಅಕ್ಕನಿಗೆ ಗೊತ್ತಿರುತ್ತದೆ.

ಪಿಂಚಣಿಗೆ ಬರೋಣ. ಸಂಧ್ಯಾ ಸುರಕ್ಷಾ 65 ದಾಟಿದವರಿಗೆ, ತಿಂಗಳಿಗೆ 1,200. ವಿಧವಾ ವೇತನ 800. ಅಂಗವಿಕಲ ವೇತನ ಶೇ 40ರಿಂದ ಶುರು, 800. ವೈಕಲ್ಯ ಶೇ 75ಕ್ಕಿಂತ ಜಾಸ್ತಿ ಇದ್ದರೆ 1,400. ಅರ್ಜಿ ನಾಡಕಚೇರಿಯಲ್ಲಿ, ಆದೇಶ ತಹಶೀಲ್ದಾರ್ ಅವರಿಂದ. ಊರಿನಿಂದ ಅಪ್ಪ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬಂದವರು ಒಂದು ವಿಷಯ ಗಮನಿಸಿ. ಪಿಂಚಣಿ ಆದೇಶ ಇನ್ನೂ ಊರಿನ ತಾಲ್ಲೂಕಿನಲ್ಲೇ ಇದ್ದರೆ, ಅಲ್ಲಿ ಪರಿಶೀಲನೆ ಮಾಡುವಾಗ ಮನೆಗೆ ಬೀಗ ಕಂಡರೆ ಇವರು ವಾಸವಿಲ್ಲ ಅಂತ ಬರೆದುಬಿಡಬಹುದು. ಇಲ್ಲಿಯೇ ಇರುವುದು ಖಾಯಂ ಆದರೆ ಆಧಾರ್ ವಿಳಾಸ ಬದಲಿಸಿ ಪಿಂಚಣಿಯನ್ನು ಈ ಕಡೆಗೆ ವರ್ಗ ಮಾಡಿಸಿ. ಆದೇಶ ಪತ್ರದ ಫೋಟೋ ಫೋನಿನಲ್ಲಿ ಇರಲಿ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಆಯಸ್ಸು, ಅದರ ಆರ್‌ಡಿ ನಂಬರ್ ಕೂಡ ಬರೆದಿಟ್ಟುಕೊಳ್ಳಿ.

ನೋಡಿಕೊಳ್ಳುವವರ ಬಗ್ಗೆ ಯಾರೂ ಮಾತಾಡುವುದಿಲ್ಲ, ಅಲ್ವಾ? ಮಗುವಿಗೆ ಸೆರೆಬ್ರಲ್ ಪಾಲ್ಸಿ ಅಂತ ಕೆಲಸ ಬಿಟ್ಟ ಅಮ್ಮಂದಿರು, ಪಾರ್ಕಿನ್ಸನ್ಸ್ ಇರುವ ಗಂಡನನ್ನು ಎತ್ತಿ ಕೂರಿಸುವ ಹೆಂಗಸರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. 2024-25ರ ರಾಜ್ಯ ಬಜೆಟ್‌ನಲ್ಲಿ ಇಂಥವರಿಗೆ ತಿಂಗಳಿಗೆ 1,000 ರೂಪಾಯಿ ಆರೈಕೆದಾರರ ಭತ್ಯೆ ಅಂತ ಘೋಷಿಸಿದರು. ಆದರೆ ಅದು ನಾಲ್ಕು ಕಾಯಿಲೆಗೆ ಮಾತ್ರ: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಗುರುತಿಸಿದೆ, ಜಾಸ್ತಿ ಆಸರೆ ಬೇಕಾದವರಿಗೆ ಆರೈಕೆ ಭತ್ಯೆಯ ಮಾತನ್ನೂ ಆಡಿದೆ. ನಾಲ್ಕಕ್ಕೇ ನಿಂತಿದ್ದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ವಿಚಾರಿಸಬೇಕಾದ್ದು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ತೆಗೆದುಕೊಂಡು ಹೋಗಿ, ಅದಿಲ್ಲದೆ ಯಾವ ಮಾತೂ ಮುಂದಕ್ಕೆ ಹೋಗುವುದಿಲ್ಲ. ಮಕ್ಕಳ ಕಾರ್ಡಿಗೆ ಸಾಮಾನ್ಯವಾಗಿ ಅವಧಿ ಹಾಕಿರುತ್ತಾರೆ, ಆ ತಾರೀಕು ನೋಡಿ. ಅದು ಮುಗಿಯುವ ಕೆಲವು ತಿಂಗಳು ಮುಂಚೆಯೇ ಮತ್ತೆ ತಪಾಸಣೆಗೆ ಹೋಗಿ, ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆ ಆದರೆ ನಿಮ್ಹಾನ್ಸ್‌ನಲ್ಲಿ ಆಗುತ್ತದೆ.

ಮಗುವಿಗೆ 18 ತುಂಬುವ ವರ್ಷ ಇನ್ನೂ ಹುಷಾರಾಗಿರಿ. ಅಲ್ಲಿಯವರೆಗೆ ಅಮ್ಮನೇ ಗಾರ್ಡಿಯನ್, ಆಮೇಲೆ ಕಾನೂನಿನ ಪ್ರಕಾರ ಅವರೇ ದೊಡ್ಡವರು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಸ್ಥಳೀಯ ಸಮಿತಿಯಿಂದ ಗಾರ್ಡಿಯನ್ ಪತ್ರ ಮಾಡಿಸಿಕೊಳ್ಳಬೇಕು. ಇದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ 1 ಲಕ್ಷದವರೆಗೆ ಸಿಗುತ್ತದೆ, ಥೆರಪಿಯ ಖರ್ಚಿಗೂ. ಪ್ರತಿ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ರಿನ್ಯೂ ಮಾಡಿಸುವುದನ್ನು ಮರೆಯಬೇಡಿ.

ಈಗ ಹುಡುಗರು, ಹುಡುಗಿಯರು. ಯುವನಿಧಿ ಡಿಗ್ರಿಯವರಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ 2 ವರ್ಷ. ಪಾಸಾಗಿ 180 ದಿನ ಕೆಲಸವಿಲ್ಲದೆ ಇರಬೇಕು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಶುರುವಾದಾಗ 2022-23ರಲ್ಲಿ ಪಾಸಾದವರಿಗೆ ಮಾತ್ರ ಇತ್ತು, ಆಮೇಲೆ ಮುಂದಿನ ಬ್ಯಾಚಿನವರಿಗೂ ಬಂತು. ಎಂ.ಎ., ಎಂ.ಕಾಂ. ಸೇರಿಕೊಂಡರೆ ಇಲ್ಲ, ಸ್ಟೈಪೆಂಡ್ ಬರುವ ಅಪ್ರೆಂಟಿಸ್ ಆದರೂ ಇಲ್ಲ. ನಿಂತುಹೋಗುವುದು ಹೆಚ್ಚಾಗಿ ಸ್ವಯಂ ಘೋಷಣೆಯಿಂದ: ನನಗಿನ್ನೂ ಕೆಲಸ ಸಿಕ್ಕಿಲ್ಲ ಅಂತ ಸೇವಾ ಸಿಂಧುವಿನಲ್ಲಿ ಆಗಾಗ ಹಾಕಬೇಕು, ಮರೆತರೆ ಆ ಅವಧಿಯ ದುಡ್ಡು ಇಲ್ಲ. ಫೋನಿನಲ್ಲಿ ರಿಮೈಂಡರ್ ಹಾಕಿಕೊಳ್ಳಿ.

ಡೆಲಿವರಿ ಕೆಲಸ ಮಾಡುತ್ತಾ ಘೋಷಣೆ ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ಬೇಡ. ಸುಳ್ಳು ಅಂತ ಗೊತ್ತಾದರೆ ಕೊಟ್ಟ ದುಡ್ಡು ವಾಪಸ್ ಕೇಳುತ್ತಾರೆ. ಬದಲಿಗೆ ಅಸಂಘಟಿತ ಕಾರ್ಮಿಕರ ಪೋರ್ಟಲ್ ಇ-ಶ್ರಮ್‌ನಲ್ಲಿ ಗಿಗ್ ಕಾರ್ಮಿಕ ಅಂತ ನೋಂದಾಯಿಸಿಕೊಳ್ಳಿ. ರಾಜ್ಯದ ಗಿಗ್ ವಿಮೆಯಲ್ಲಿ ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 4 ಲಕ್ಷ ಸಿಗುತ್ತದೆ. 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಬೇರೆ ಕಾಯ್ದೆಯೇ ಬಂದಿದೆ, ಕಂಪನಿಗಳಿಂದ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲಿ ಮಾಡಲು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ದಿನವಿಡೀ ಗಾಡಿ ಓಡಿಸುವವರಿಗೆ ಎರಡು ವರ್ಷದ 3,000ಕ್ಕಿಂತ ಇದು ಮುಖ್ಯ.

ಎಲ್ಲಿಗೆ ಹೋದರೂ ಸ್ವೀಕೃತಿ ಪತ್ರ ತೆಗೆದುಕೊಳ್ಳದೆ ಬರಬೇಡಿ. ನಾಳೆ ಬನ್ನಿ ನೋಡೋಣ ಅಂದರೆ ನಿಮ್ಮ ಅರ್ಜಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ ಅಂತಲೇ ಅರ್ಥ. ಬಾಗಿಲಲ್ಲಿ ನಿಂತು ನಾನು ಮಾಡಿಸಿಕೊಡುತ್ತೇನೆ ಅನ್ನುವವರ ಕೈಗೆ ದುಡ್ಡೂ ಕೊಡಬೇಡಿ, ಓಟಿಪಿಯಂತೂ ಬೇಡವೇ ಬೇಡ. ಕಂಪ್ಯೂಟರ್ ಇಲ್ಲದವರಿಗೆ ಬೆಂಗಳೂರು ಒನ್ ಇದೆ, ದೂರಿಗೆ 1902 ಇದೆ. ಇಷ್ಟು ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನುವ ಸಕಾಲ ಕಾಯ್ದೆಗೆ ಸೇರಿದ ಅರ್ಜಿಯಾದರೆ ಸ್ವೀಕೃತಿಯಲ್ಲಿ ಜಿಎಸ್‌ಸಿ ನಂಬರ್ (ಅರ್ಜಿಯ ಗುರುತಿನ ಸಂಖ್ಯೆ) ಇರುತ್ತದೆ. ಅವಧಿ ಮೀರಿದರೆ ಅದೇ ನಂಬರ್ ಹಾಕಿ ಮೇಲ್ಮನವಿ ಕೊಡಿ. ತಡವಾದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಚಿಕ್ಕದು, ಆದರೆ ತಡ ಮಾಡಿದ ಅಧಿಕಾರಿಯಿಂದಲೇ ವಸೂಲಾಗುವಂಥದ್ದು, ಹಾಗಾಗಿ ಕೌಂಟರಿನಲ್ಲಿ ಜಿಎಸ್‌ಸಿ ನಂಬರ್ ಜೋರಾಗಿ ಓದಿ ಹೇಳಿದರೆ ಫೈಲು ಸ್ವಲ್ಪ ಬೇಗ ಸಿಗುತ್ತದೆ.