ತಾರೀಖು ಹಿಡಿದು ಅಲಬಾಮಾ ಸುತ್ತುವುದು ಹೇಗೆ

ಹಂಟ್ಸ್‌ವಿಲ್‌ನ ನಮ್ಮ ಮನೆಗೆ ಯಾರೇ ಬರಲಿ, ಮೊದಲ ದಿನವೇ ರಾಕೆಟ್ ತೋರಿಸು ಅನ್ನುತ್ತಾರೆ. ನಾನು ತೋರಿಸುವುದು ಕೊನೆಯ ದಿನ. ಅದಕ್ಕೂ ಮುಂಚೆ ನಾಲ್ಕು ದಿನ ಕಾರಿನಲ್ಲಿ ಕೂರಿಸಿಕೊಂಡು, ಅಲಬಾಮಾದಲ್ಲಿ ಕಪ್ಪು ಜನ ಸಮಾನ ಹಕ್ಕಿಗಾಗಿ ಹೋರಾಡಿದ ಜಾಗಗಳಿಗೆ, 1961ರಿಂದ 1965ರವರೆಗೆ ಕರೆದೊಯ್ಯುತ್ತೇನೆ.

ಮೊದಲ ಸಲ ಅತ್ತೆ ಮಾವ ಬಂದಾಗ ನಾನು ಹೀಗೆ ಮಾಡಲಿಲ್ಲ. ಮ್ಯೂಸಿಯಂಗಳು ಹೆಚ್ಚಿರುವುದು ಮಾಂಟ್‌ಗೊಮರಿಯಲ್ಲಿ ಅಂತ ನೇರ ಅಲ್ಲಿಗೇ ಹೋದೆ, ಆಮೇಲೆ ಸೆಲ್ಮಾ, ಆಮೇಲೆ ಬರ್ಮಿಂಗ್‌ಹ್ಯಾಮ್. ರಾತ್ರಿ ಮಾವ ಕೇಳಿದರು: "ಬಸ್ಸು, ಬಾಂಬು, ಸೇತುವೆ ಎಲ್ಲಾ ನೋಡಿದ್ವಿ. ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳಮ್ಮ." ಹೇಳಲು ಹೋದೆ, ನಾನೇ ತಡವರಿಸಿದೆ. ಅಂದಿನಿಂದ ತಾರೀಖಿನ ಕ್ರಮದಲ್ಲೇ ಹೋಗುತ್ತೇನೆ. ನೀವೂ ಹಾಗೇ ಮಾಡಿ. ಒಂದು ಊರಿನ ಘಟನೆ ಹೇಗೆ ಇನ್ನೊಂದು ಊರಿನ ಘಟನೆಯನ್ನು ಹೆತ್ತಿತು ಅನ್ನುವುದು ಆಗ ಮಾತ್ರ ಕಾಣುತ್ತದೆ.

ಹೊರಡುವ ಮುಂಚೆ ಎರಡು ಮಾತು. ಸೋಮವಾರ ಅನೇಕ ಕಡೆ ಬಾಗಿಲು ಹಾಕಿರುತ್ತಾರೆ, ಆದ್ದರಿಂದ ಬುಧವಾರ ಹೊರಟು ಶನಿವಾರ ಮುಗಿಸಿ. ಜುಲೈ ಆಗಸ್ಟಿನ ಬಿಸಿಲಿನಲ್ಲಿ ವಯಸ್ಸಾದವರನ್ನು ಕರೆತರಬೇಡಿ. ಮಾರ್ಚ್ ಮೊದಲ ವಾರ ಸೆಲ್ಮಾದಲ್ಲಿ 1965ರ ಮೆರವಣಿಗೆಯ ಸ್ಮರಣೆಗೆ ಜನಜಾತ್ರೆ, ಕೋಣೆ ಸಿಗುವುದು ಕಷ್ಟ. ಅಕ್ಟೋಬರ್ ಒಳ್ಳೆಯದು.

ಮೊದಲ ನಿಲುಗಡೆ ಆನಿಸ್ಟನ್. 1961ರ ಮೇ 14, ಅಂದು ಅಮ್ಮಂದಿರ ದಿನ. ಕಪ್ಪು ಜನ, ಬಿಳಿಯರು ಒಟ್ಟಿಗೆ ಕೂತಿದ್ದ ಗ್ರೇಹೌಂಡ್ ಕಂಪನಿಯ ಬಸ್ಸನ್ನು ಗುಂಪೊಂದು ನಿಲ್ದಾಣದಲ್ಲೇ ಮುತ್ತಿ ಟೈರು ಕೊಯ್ದಿತು. ಊರಾಚೆ ಗಾಳಿ ಇಳಿದು ಬಸ್ಸು ನಿಂತಾಗ ಒಳಕ್ಕೆ ಬೆಂಕಿ ಎಸೆದರು. ಹಳೆಯ ನಿಲ್ದಾಣದ ಪಕ್ಕದ ಓಣಿಯಲ್ಲಿ ಆ ಬಸ್ಸಿನ ಗೋಡೆಚಿತ್ರವಿದೆ. ಅದಕ್ಕಿಂತ ಮುಖ್ಯ, ಕೆಲವು ಮೈಲಿ ದೂರದಲ್ಲಿ ಬಸ್ಸು ಸುಟ್ಟ ಜಾಗ. ನೋಡಲು ಅಲ್ಲಿ ಹೆಚ್ಚೇನೂ ಇಲ್ಲ, ಆದರೂ ಇಳಿಯಿರಿ. ಅಲ್ಲಿದ್ದ ದಿನಸಿ ಅಂಗಡಿಯವರ ಹನ್ನೆರಡು ವರ್ಷದ ಬಿಳಿ ಹುಡುಗಿ, ಹೊಗೆ ಕುಡಿದು ಹುಲ್ಲಿನ ಮೇಲೆ ಬಿದ್ದಿದ್ದವರಿಗೆ ನೀರು ತಂದುಕೊಟ್ಟಳು. ಗುಂಪು ಇನ್ನೂ ಅಲ್ಲೇ ಇತ್ತು.

ಇಲ್ಲಿ ಒಂದು ಹೆಸರನ್ನು ನೆನಪಿಟ್ಟುಕೊಳ್ಳಲು ಹೇಳಿ: ಬಾಯ್ನ್ಟನ್. ಸೆಲ್ಮಾದ ಹುಡುಗ ಬ್ರೂಸ್ ಬಾಯ್ನ್ಟನ್ ಕಾನೂನು ಓದುತ್ತಿದ್ದಾಗ, 1958ರಲ್ಲಿ, ಊರಿಗೆ ಬರುವ ದಾರಿಯಲ್ಲಿ ವರ್ಜೀನಿಯಾ ರಾಜ್ಯದ ರಿಚ್‌ಮಂಡ್ ಬಸ್ ನಿಲ್ದಾಣದ ಬಿಳಿಯರ ಹೋಟೆಲಿನಲ್ಲಿ ಕೂತಿದ್ದಕ್ಕೆ ಬಂಧನವಾಯಿತು. ಆ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, ರಾಜ್ಯದಿಂದ ರಾಜ್ಯಕ್ಕೆ ಹೋಗುವ ಪ್ರಯಾಣಿಕರನ್ನು ನಿಲ್ದಾಣದ ಹೋಟೆಲುಗಳಲ್ಲೂ ಬಣ್ಣ ನೋಡಿ ಬೇರೆ ಮಾಡುವಂತಿಲ್ಲ ಎಂಬ ತೀರ್ಪು 1960ರ ಡಿಸೆಂಬರಿನಲ್ಲಿ ಬಂತು. ತೀರ್ಪು ನಿಜಕ್ಕೂ ನಡೆಯುತ್ತದೆಯೇ ಎಂದು ಪರೀಕ್ಷಿಸಲೆಂದೇ ಆ ಬಸ್ಸು ಹೊರಟಿದ್ದು.

ಸಂಜೆಗೆ ಬರ್ಮಿಂಗ್‌ಹ್ಯಾಮ್ ಸೇರಿ. ಒಂದು ಗಂಟೆಯ ದಾರಿ. ಅಲ್ಲಿ ಎರಡು ರಾತ್ರಿ ಉಳಿಯಿರಿ. ಊಟಕ್ಕೆ ಸಸ್ಯಾಹಾರಿಗಳು ಹುಷಾರು: 'ವೆಜಿಟೆಬಲ್ ಪ್ಲೇಟ್' ಅಂದರೂ ಸೊಪ್ಪು, ಹುರುಳಿಕಾಯಿಗಳನ್ನು ಹಲವು ಕಡೆ ಹಂದಿಮಾಂಸ ಹಾಕಿಯೇ ಬೇಯಿಸುತ್ತಾರೆ. ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ.

ಎರಡನೇ ದಿನ ಬೆಳಿಗ್ಗೆ ಕೆಲ್ಲಿ ಇಂಗ್ರಾಮ್ ಪಾರ್ಕ್. ರಸ್ತೆ ದಾಟಿದರೆ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚ್, ಎಲ್ಲರೂ ಮೊದಲು ಅಲ್ಲಿಗೇ ಹೋಗುತ್ತಾರೆ. ಇವತ್ತು ಹೋಗಬೇಡಿ. ಇನ್ನೂ 1963ರ ಏಪ್ರಿಲ್, ಮೇ ನಡೆಯುತ್ತಿದೆ. ಕಪ್ಪು ಜನ ದೊಡ್ಡ ಅಂಗಡಿಗಳಲ್ಲಿ ದುಡ್ಡು ಕೊಟ್ಟು ಬಟ್ಟೆ ಕೊಳ್ಳಬಹುದಿತ್ತು, ಅಳತೆಗೆ ಹಾಕಿ ನೋಡುವಂತಿರಲಿಲ್ಲ. ಅದೇ ಅಂಗಡಿಯ ಊಟದ ಕೌಂಟರಿನಲ್ಲಿ ಕೂರುವಂತಿರಲಿಲ್ಲ. ಇದನ್ನು ಎದುರಿಸಿ ಮೆರವಣಿಗೆ ಹೊರಟ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 12ರ ಗುಡ್ ಫ್ರೈಡೆಯಂದು ಜೈಲು ಸೇರಿದರು. ಬೀದಿಗಿಳಿದರೆ ಕೆಲಸ ಹೋಗುತ್ತದೆಂಬ ಭಯ ದೊಡ್ಡವರಿಗೆ. ಕೆಲಸವೇ ಇಲ್ಲದವರು ಮಕ್ಕಳು. ಮೇ 2ರಂದು ಆ ಚರ್ಚಿನ ಬಾಗಿಲಿನಿಂದ ಶಾಲಾಮಕ್ಕಳು ಗುಂಪುಗುಂಪಾಗಿ ಹಾಡುತ್ತಾ ಹೊರಬಂದರು. ನೂರುಗಟ್ಟಲೆ ಮಕ್ಕಳ ಬಂಧನವಾಗಿ ಜೈಲು ತುಂಬಿತು. ಮರುದಿನ ನಗರದ ಪೊಲೀಸ್, ಅಗ್ನಿಶಾಮಕ ದಳಗಳ ಮೇಲಧಿಕಾರಿ ಬುಲ್ ಕಾನರ್ ನಾಯಿಗಳನ್ನೂ ಅಗ್ನಿಶಾಮಕ ದಳದ ನೀರಿನ ಪೈಪುಗಳನ್ನೂ ಮಕ್ಕಳ ಮೇಲೆ ಬಿಡಿಸಿದ.

ಪಾರ್ಕಿನಲ್ಲಿ ಒಂದು ಕಡೆ ಎರಡು ಗೋಡೆಗಳ ನಡುವೆ ನಡೆಯಬೇಕು. ಎರಡೂ ಬದಿಯಿಂದ ಕಂಚಿನ ನಾಯಿಗಳು ಹಲ್ಲು ಕಿಸಿದು ಮೈಮೇಲೆ ಎರಗುವಂತೆ ನಿಂತಿವೆ. ಮಕ್ಕಳಿದ್ದರೆ ಅವರನ್ನೇ ಮುಂದೆ ಬಿಡಿ, ವಿವರಣೆ ಕೊಡಬೇಡಿ. ನನ್ನ ಅಕ್ಕನ ಮಗ ಹತ್ತು ವರ್ಷದವನು, ನಡುವೆ ನಿಂತು ವಾಪಸ್ ಬಂದು ನನ್ನ ಕೈ ಹಿಡಿದ. ಆಮೇಲೆ ಮತ್ತೆ ಅವನೇ ಹೋದ. ಎದುರಿಗಿರುವ ಸಿವಿಲ್ ರೈಟ್ಸ್ ಇನ್‌ಸ್ಟಿಟ್ಯೂಟಿಗೆ ಎರಡು ಗಂಟೆಯಾದರೂ ಬೇಕು.

ಮಧ್ಯಾಹ್ನ ಟಸ್ಕಲೂಸಾಕ್ಕೆ ಹೋಗಿ ಬನ್ನಿ. ಜೂನ್ 11ರಂದು ಗವರ್ನರ್ ಜಾರ್ಜ್ ವ್ಯಾಲೇಸ್ ವಿಶ್ವವಿದ್ಯಾಲಯದ ಫಾಸ್ಟರ್ ಆಡಿಟೋರಿಯಂ ಬಾಗಿಲಿಗೆ ಅಡ್ಡ ನಿಂತ. ಒಳಗೆ ಹೆಸರು ನೋಂದಾಯಿಸಬೇಕಿದ್ದವರು ಕಪ್ಪು ವಿದ್ಯಾರ್ಥಿಗಳಾದ ವಿವಿಯನ್ ಮಲೋನ್ ಮತ್ತು ಜೇಮ್ಸ್ ಹುಡ್. ಅಧ್ಯಕ್ಷ ಕೆನಡಿ ರಾಜ್ಯದ ಸೇನಾದಳವಾದ ನ್ಯಾಷನಲ್ ಗಾರ್ಡನ್ನೇ ಕೇಂದ್ರದ ವಶಕ್ಕೆ ತೆಗೆದುಕೊಂಡ ಮೇಲೆ ವ್ಯಾಲೇಸ್ ಪಕ್ಕಕ್ಕೆ ಸರಿದ. ಅಂದೇ ರಾತ್ರಿ ಕೆನಡಿ ಟೀವಿಯಲ್ಲಿ ಹೊಸ ನಾಗರಿಕ ಹಕ್ಕು ಕಾಯ್ದೆಯ ಮಾತೆತ್ತಿದರು. ಬರ್ಮಿಂಗ್‌ಹ್ಯಾಮಿನ ಮಕ್ಕಳ ಫೋಟೋಗಳನ್ನು ಅಷ್ಟರಲ್ಲಿ ಜಗತ್ತೇ ನೋಡಿತ್ತು. ನೋಡಲು ಅರ್ಧ ಗಂಟೆ ಸಾಕು. ವಿವಿಯನ್ 1965ರಲ್ಲಿ ಪದವಿ ಪಡೆದು, ಆ ವಿಶ್ವವಿದ್ಯಾಲಯದ ಮೊದಲ ಕಪ್ಪು ಪದವೀಧರೆಯಾದರು ಎಂದು ಹೇಳಲು ಮರೆಯಬೇಡಿ.

ಮೂರನೇ ದಿನ ಚರ್ಚ್. ಇದು ಇಂದಿಗೂ ಪ್ರಾರ್ಥನೆ ನಡೆಯುವ ಜಾಗ, ಒಳಗೆ ನೋಡುವ ಸಮಯ ಮೊದಲೇ ವಿಚಾರಿಸಿ. 1963ರ ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ 10:22. ಮೆಟ್ಟಿಲ ಕೆಳಗಿಟ್ಟ ಬಾಂಬು ಸಿಡಿದು ಆಡಿ ಮೇ ಕಾಲಿನ್ಸ್, ಕ್ಯಾರಲ್ ರಾಬರ್ಟ್‌ಸನ್, ಸಿಂಥಿಯಾ ವೆಸ್ಲಿ, ಡೆನಿಸ್ ಮೆಕ್‌ನೇರ್ ಸತ್ತರು. ಮೂವರಿಗೆ 14, ಡೆನಿಸ್‌ಗೆ 11. ಅಪರಾಧಿಗಳಲ್ಲಿ ಮೊದಲನೆಯವನಿಗೆ ಶಿಕ್ಷೆಯಾದದ್ದು 1977ರಲ್ಲಿ, ಕೊನೆಯವನಿಗೆ 2002ರಲ್ಲಿ. ಈ ಎರಡು ಇಸವಿಗಳನ್ನು ಮೆಲ್ಲಗೆ ಹೇಳಿ, ಲೆಕ್ಕ ಅವರೇ ಹಾಕಿಕೊಳ್ಳಲಿ. ಒಳಗೆ ಕೂತವರು ಹಿಂದೆ ತಿರುಗಿ ಮೇಲೆ ನೋಡಬೇಕು: ಕೈ ಚಾಚಿದ ಕಪ್ಪು ಕ್ರಿಸ್ತನ ಬಣ್ಣದ ಗಾಜಿನ ಕಿಟಕಿ. ವೇಲ್ಸ್‌ನ ಜನ ಚಿಲ್ಲರೆ ಕೂಡಿಸಿ ಮಾಡಿಸಿಕೊಟ್ಟದ್ದು. ಇಲ್ಲಿಂದ ಯಾರನ್ನೂ ಅವಸರ ಮಾಡಿ ಎಬ್ಬಿಸಬೇಡಿ.

ಅಲ್ಲಿಂದ ಸೆಲ್ಮಾಕ್ಕೆ ಎರಡು ಗಂಟೆ. ಕಾರಿನಲ್ಲಿ ಇದಿಷ್ಟು ಹೇಳಿ: 1964ರ ಜುಲೈ 2ರಂದು ಕೆನಡಿ ಮಾತೆತ್ತಿದ್ದ ಕಾಯ್ದೆ ಬಂತು. ಹೋಟೆಲು, ಸಿನಿಮಾ ಮಂದಿರ ತೆರೆದವು. ಮತದ ಬಾಗಿಲು ತೆರೆಯಲಿಲ್ಲ. ಸೆಲ್ಮಾ ಇರುವ ಡಲ್ಲಾಸ್ ಕೌಂಟಿಯಲ್ಲಿ ಅರ್ಧದಷ್ಟು ಜನ ಕಪ್ಪುವರ್ಣೀಯರು, ಅವರಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ನೂರಕ್ಕೆ ಎರಡು. ನೋಂದಣಿ ಕಚೇರಿ ತೆರೆಯುತ್ತಿದ್ದದ್ದು ತಿಂಗಳಿಗೆ ಎರಡು ದಿನ. ಹೋದರೆ ಸಂವಿಧಾನದ ಮೇಲೆ ಪರೀಕ್ಷೆ, ಪಾಸೋ ಫೇಲೋ ಗುಮಾಸ್ತನ ಇಷ್ಟ.

ಸೇತುವೆಯನ್ನು ಕಾರಿನಲ್ಲಿ ದಾಟಬೇಡಿ. ನಾಲ್ಕನೇ ದಿನ ಬೆಳಿಗ್ಗೆ ಬ್ರೌನ್ ಚಾಪೆಲ್ ಚರ್ಚಿನಿಂದ ನಡೆದು ಹೋಗಿ. ಎಡ್ಮಂಡ್ ಪೆಟಸ್ ಸೇತುವೆ ನಡುವೆ ಉಬ್ಬಿದೆ. ಊರ ಕಡೆಯಿಂದ ಏರುವಾಗ ಆಚೆ ದಡದ ರಸ್ತೆ ಕಾಣುವುದಿಲ್ಲ. 1965ರ ಮಾರ್ಚ್ 7ರಂದು ಮತದ ಹಕ್ಕು ಕೇಳಲು ಮಾಂಟ್‌ಗೊಮರಿಗೆ ನಡೆದು ಹೊರಟ ಸುಮಾರು 600 ಜನ, ಮುಂದೆ ಹೋಸಿಯಾ ವಿಲಿಯಮ್ಸ್ ಮತ್ತು 25 ವರ್ಷದ ಜಾನ್ ಲೂಯಿಸ್, ನೆತ್ತಿಗೆ ಬಂದಾಗಲೇ ಕೆಳಗೆ ಸಾಲಾಗಿ ನಿಂತ ಪೊಲೀಸರು ಕಂಡದ್ದು. ನೀವೂ ನೆತ್ತಿಯಲ್ಲಿ ನಿಲ್ಲಿ. ನನ್ನ ಅಮ್ಮನಿಗೆ ಮಂಡಿನೋವು, ಬೇಡ ಅಂದರೂ ಕೇಳದೆ ಕಂಬಿ ಹಿಡಿದು ಹತ್ತಿದಳು. ಅಲ್ಲಿ ನಾನು ಬಾಯ್ನ್ಟನ್ ಹೆಸರನ್ನು ಮತ್ತೆ ತೆಗೆದೆ. ಅಂದು ಲಾಠಿ ಏಟಿಗೆ ಪ್ರಜ್ಞೆ ತಪ್ಪಿ ಬಿದ್ದವರಲ್ಲಿ ಆ ಹುಡುಗನ ತಾಯಿ ಅಮೀಲಿಯಾ ಬಾಯ್ನ್ಟನ್ ಒಬ್ಬರು. 2015ರ ಮಾರ್ಚ್ 7ರಂದು ಅವರು ಗಾಲಿಕುರ್ಚಿಯಲ್ಲಿ, ಅಧ್ಯಕ್ಷ ಒಬಾಮಾ ಅವರ ಕೈ ಹಿಡಿದು ಇದೇ ಸೇತುವೆಗೆ ಮತ್ತೆ ಬಂದರು. ಅಮ್ಮ ಇಳಿಯುವವರೆಗೆ ಮಾತಾಡಲಿಲ್ಲ.

ಸೆಲ್ಮಾದಲ್ಲಿ ಮುಚ್ಚಿದ ಅಂಗಡಿಗಳು ಬಹಳ. 2023ರ ಜನವರಿಯ ಸುಂಟರಗಾಳಿ ಇನ್ನಷ್ಟು ಕೆಡವಿತು. ಫೋಟೋ ತೆಗೆದು ಓಡಬೇಡಿ. ಹಿಂದಿನ ರಾತ್ರಿ ಅಲ್ಲೇ ಉಳಿಯಿರಿ, ಅಲ್ಲೇ ತಿಂಡಿ ತಿನ್ನಿ, ಕಾರಿಗೆ ಪೆಟ್ರೋಲ್ ಅಲ್ಲೇ ತುಂಬಿಸಿ.

ಮುಂದೆ ಹೈವೇ 80. ನ್ಯಾಯಾಧೀಶ ಫ್ರಾಂಕ್ ಜಾನ್ಸನ್ ಅನುಮತಿ ಕೊಟ್ಟ ಮೇಲೆ ಮಾರ್ಚ್ 21ರಿಂದ 25ರವರೆಗೆ ಜನ ನಡೆದ 54 ಮೈಲಿಯ ದಾರಿ ಇದು. ಕಾರಿಗೆ ಒಂದು ಗಂಟೆ, ನೀವು ಮೂರು ಗಂಟೆ ಇಟ್ಟುಕೊಳ್ಳಿ. ನಡುವೆ ಲೌಂಡ್ಸ್ ಕೌಂಟಿಯ ಮಾಹಿತಿ ಕೇಂದ್ರವಿದೆ. ಮತಪಟ್ಟಿಗೆ ಹೆಸರು ಕೊಟ್ಟ ತಪ್ಪಿಗೆ ಜಮೀನ್ದಾರರು ಒಕ್ಕಲೆಬ್ಬಿಸಿದ ಕುಟುಂಬಗಳು ಡೇರೆ ಹಾಕಿಕೊಂಡು ಬದುಕಿದ್ದ ಜಾಗದಲ್ಲೇ ಅದನ್ನು ಕಟ್ಟಿದ್ದಾರೆ. ಇದೇ ಹೈವೇ ಪಕ್ಕದ ದಿಬ್ಬದ ಮೇಲೆ ವಯೋಲಾ ಲಿಯುಜ್ಜೊ ಅವರ ಸ್ಮಾರಕದ ಕಲ್ಲು. ಡೆಟ್ರಾಯಿಟಿನಿಂದ ಬಂದ ಐದು ಮಕ್ಕಳ ತಾಯಿ. ನಡೆದು ದಣಿದವರನ್ನು ಕಾರಿನಲ್ಲಿ ಬಿಟ್ಟುಬರುತ್ತಿದ್ದಾಗ 25ರ ರಾತ್ರಿ ಗುಂಡಿಟ್ಟು ಕೊಂದರು.

ಮಾಂಟ್‌ಗೊಮರಿಯಲ್ಲಿ ಡೆಕ್ಸ್‌ಟರ್ ಅವೆನ್ಯೂ ಏರಿ ಶಾಸನಸಭೆಯ ಮೆಟ್ಟಿಲ ಹತ್ತಿರ ನಿಲ್ಲಿ. ಮೇಲೆ ನೆಲದಲ್ಲಿ ಒಂದು ಹಿತ್ತಾಳೆಯ ನಕ್ಷತ್ರವಿದೆ. ಗುಲಾಮಗಿರಿ ಬಿಡಲೊಲ್ಲದ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್ 1861ರಲ್ಲಿ ಪ್ರಮಾಣವಚನ ತೆಗೆದುಕೊಂಡ ಜಾಗ. ಬಣ್ಣಭೇದ ಎಂದೆಂದಿಗೂ ಇರುತ್ತದೆ ಎಂದು ವ್ಯಾಲೇಸ್ 1963ರ ಜನವರಿಯಲ್ಲಿ ಘೋಷಿಸಿದ್ದೂ ಇಲ್ಲೇ. 1965ರ ಮಾರ್ಚ್ 25ರಂದು 25,000 ಜನ ಈ ಬೀದಿ ತುಂಬಿದರು, ಕಿಂಗ್ ಮಾತಾಡಿದ್ದು ಮೆಟ್ಟಿಲ ಕೆಳಗೆ ನಿಲ್ಲಿಸಿದ ಲಾರಿಯ ಮೇಲಿಂದ. ಆಗಸ್ಟ್ 6ಕ್ಕೆ ಮತದ ಹಕ್ಕಿನ ಕಾಯ್ದೆಗೆ ಸಹಿ ಬಿತ್ತು.

ನನ್ನ ಕ್ರಮವನ್ನು ಇಲ್ಲಿ ಒಮ್ಮೆ ಮಾತ್ರ ಮುರಿಯುತ್ತೇನೆ. ಹತ್ತಿರದಲ್ಲೇ ಇರುವ ಹಳೆಯ ಗ್ರೇಹೌಂಡ್ ನಿಲ್ದಾಣ ಈಗ ಮ್ಯೂಸಿಯಂ. ಆನಿಸ್ಟನ್ ಆದ ಆರನೇ ದಿನ, 1961ರ ಮೇ 20ರಂದು, ಇಲ್ಲಿ ಇಳಿದು ಹೊಡೆತ ತಿಂದವರಲ್ಲಿ 21 ವರ್ಷದ ಹುಡುಗ ಜಾನ್ ಲೂಯಿಸ್ ಇದ್ದರು. ಬೆಳಿಗ್ಗೆ ಸೇತುವೆಯ ಮೇಲೆ ನಿಂತು ಬಂದವರಿಗೆ ಆ ಮುಖದ ಗುರುತು ಸಿಗುತ್ತದೆ.

ಐದನೇ ದಿನ ರಾಕೆಟ್. ಚಂದ್ರನಿಗೆ ಹೋಗಲು ಮಾಡಿದ 363 ಅಡಿಯ ಸಾಟರ್ನ್ 5 ಹಂಟ್ಸ್‌ವಿಲ್‌ನ ಸಭಾಂಗಣದಲ್ಲಿ ಅಡ್ಡ ಮಲಗಿದೆ. ಈ ಬಗೆಯ ರಾಕೆಟ್ಟಿನ ಮೊದಲ ಹಂತದ ಐದೂ ಎಂಜಿನ್‌ಗಳನ್ನು ಒಟ್ಟಿಗೆ ಉರಿಸಿ ನೋಡಿದ್ದು ಇದೇ ಊರಿನಲ್ಲಿ, 1965ರ ಏಪ್ರಿಲ್ 16ರಂದು. ಮಾಂಟ್‌ಗೊಮರಿಯ ಬೀದಿ ತುಂಬಿದ ಮೂರು ವಾರಕ್ಕೆ. ಎಂಜಿನ್ನುಗಳ ಕೆಳಗೆ ನಿಂತಾಗ ಈ ತಾರೀಖು ಹೇಳಿ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಜನ ತುಂಬಿರುತ್ತಾರೆ.